ಗಂಟು ಬಿಚ್ಚಿದ ಕೈ

ಸಂಪಗಾಂವದಲ್ಲಿ ನಮ್ಮ ಹಿತ್ತಲ ಗೋಡೆಯೂ ಮಕ್ತುಮಸಾಬ ಮುಲ್ಲಾನವರ ಹಿತ್ತಲ ಗೋಡೆಯೂ ಒಂದೇ. ಗೋಡೆಯ ಈ ಕಡೆ ನನ್ನ ಅಪ್ಪ ತ್ರ್ಯಂಬಕ ಭಟ್ಟರು ಪಂಚಾಂಗ ಬಿಚ್ಚಿ ಗ್ರಹ ನೋಡುತ್ತಿದ್ದರು. ಆ ಕಡೆ ಮಕ್ತುಮಸಾಬರು ತಾವೀಜು ಬರೆಯುತ್ತಿದ್ದರು. ಮಗು ನಿದ್ದೆಯಲ್ಲಿ ಬೆಚ್ಚಿ ಅತ್ತರೆ, ಎಮ್ಮೆ ಹಾಲು ಬತ್ತಿಸಿಕೊಂಡರೆ, ಹೊಸದಾಗಿ ಮದುವೆಯಾದ ಹುಡುಗಿ ಮಂಕು ಬಡಿದವಳಂತೆ ಕುಳಿತರೆ, ಊರವರು ಈ ಎರಡು ಬಾಗಿಲುಗಳಲ್ಲಿ ಒಂದನ್ನು ಬಡಿಯುತ್ತಿದ್ದರು. ಅಲ್ಲಿ ಗುಣ ಕಾಣದಿದ್ದರೆ ಇನ್ನೊಂದನ್ನು. ಜಾಣರಾದವರು ಎರಡನ್ನೂ ಒಂದೇ ದಿನ ಬಡಿದು ಮನೆಗೆ ಹೋಗುತ್ತಿದ್ದರು. ಅಮಾವಾಸ್ಯೆ ಬಂತೆಂದರೆ ಅಪ್ಪ ಗೋಡೆಯ ಮೇಲಿಂದ ಕೂಗುತ್ತಿದ್ದರು, "ಏ ಮುಲ್ಲಾ, ನಿನ್ನ ಗಿರಾಕಿ ನನ್ನ ಕಟ್ಟಿ ಮ್ಯಾಲ ಕೂತಾರ, ಕರಕೊಂಡು ಹೋಗು!" ಆ ಕಡೆಯಿಂದ ಉತ್ತರ ಬರುತ್ತಿತ್ತು, "ಇರ್ಲಿ ಬಿಡ್ರಿ ಭಟ್ಟರ, ನಿಮ್ಮ ಶನಿ ಬಿಟ್ಟ ಮ್ಯಾಲ ನನ್ನ ಕಡೆ ಕಳಸ್ರಿ."

ನಾನು ಮಥುರಾಬಾಯಿ. ರಾಮದುರ್ಗದ ಅತ್ತೆಮನೆಯಲ್ಲಿ ಒಂದು ಮಳೆಗಾಲ ಬಾಳಿ, ಅತ್ತೆ ನನ್ನ ತಾಯಿಯನ್ನು ಬೈದ ದಿನ ಟ್ರಂಕು ಎತ್ತಿಕೊಂಡು ಹೊರಟು ಬಂದವಳು. ಆಮೇಲೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಊರ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾದೆ. ನನ್ನ ಬಾಯಿ ಜೋರು ಎಂದು ಊರು ಹೇಳುತ್ತದೆ. ಊರಿಗೆ ಕಿವಿ ಮಂದ ಎಂದು ನಾನು ಹೇಳುತ್ತೇನೆ.

ನಾನು ಹಾಗೆ ಬಂದು ಕೂತ ವರ್ಷ ನನ್ನ ತಾಯಿ ಭಾಗೀರಥಿಬಾಯಿ ಅಪ್ಪನಿಗೆ ತಿಳಿಯದಂತೆ ಗೋಡೆಯ ಹತ್ತಿರ ಹೋಗಿ, ಅಳಿಯನ ಮನಸ್ಸು ತಿರುಗುವಂಥ ಒಂದು ತಾವೀಜು ಬೇಕೆಂದು ಮಕ್ತುಮಸಾಬರನ್ನು ಕೇಳಿದಳು. ಜೋಯಿಸರ ಹೆಂಡತಿ ಮುಲ್ಲಾನವರ ಹತ್ತಿರ! ಅವರು ಆಕೆಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮರುದಿನ ನಾನು ಬಟ್ಟೆ ಒಣಹಾಕುವಾಗ ಗೋಡೆಯಾಚೆ ಕೆಮ್ಮಿ ಕೇಳಿದರು.

"ಮಥುರಾ, ನೀ ತಿರುಗಿ ಹೋಗಾಕಿ ಏನವ್ವ?"

"ಇಲ್ಲ ಕಾಕಾ."

"ಹಂಗಾರ ತಾವೀಜು ಯಾರಿಗೆ ಕಟ್ಟಲಿ? ಒಲ್ಲೆ ಅನ್ನಾಕಿ ಇಲ್ಲಿ, ಬಾ ಅನ್ನದಾಂವ ಅಲ್ಲಿ. ನಡುವ ದಾರ ಕಟ್ಟಿದ್ರ ಅದು ಉರಲ ಆಗತೈತಿ."

ಅಂದಿನಿಂದ ನನಗೆ ಅವರ ಮೇಲೆ ಪ್ರೀತಿ. ನನ್ನನ್ನು ಕೂಡಿಸಿಕೊಂಡು ಬುದ್ಧಿ ಹೇಳಿದವರು ಊರಲ್ಲಿ ಬೇಕಾದಷ್ಟು ಜನ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದವರು ಅವರೊಬ್ಬರೇ.

ತೆಳ್ಳಗಿನ ಮನುಷ್ಯ. ತಲೆಗೆ ಸುತ್ತಿದ ರುಮಾಲು ತಲೆಗಿಂತ ದೊಡ್ಡದಿತ್ತು. ಮಸೀದಿ ಗುಡಿಸುವುದು, ಬಾಂಗು ಕೊಡುವುದು, ಊರಲ್ಲಿ ಯಾರ ಮನೆಯಲ್ಲಿ ಕುರಿ ಕೊಯ್ದರೂ ಚೂರಿ ಹಿಡಿಯುವುದು, ಮೊಹರಮ್ಮಿನಲ್ಲಿ ಪಂಜಾ ಹೊರುವುದು ಅವರ ವಂಶದ ಕೆಲಸ. ದೇಶ ಎರಡಾದಾಗ ಯಾರೋ ಕಿಡಿಗೇಡಿ ಚಹಾದಂಗಡಿಯಲ್ಲಿ ಕೇಳಿದ, "ಏನ್ ಮುಲ್ಲಾ, ಪಾಕಿಸ್ತಾನಕ್ಕ ಯಾವಾಗ?" ಅವರು ಬಸಿಯಲ್ಲಿದ್ದ ಚಹಾ ಮುಗಿಸಿಯೇ ಹೇಳಿದರು, "ನನಗ ಬೈಲಹೊಂಗಲ ಸಂತ್ಯಾಗ ದಾರಿ ತಪ್ಪತೈತಿ. ಅಷ್ಟು ದೂರ ಹೋಗಿ ಯಾರನ್ನ ಕೇಳಲಿ?" ಅಂಗಡಿಯೆಲ್ಲ ನಕ್ಕಿತು. ಆದರೆ ಆ ದಿನ ಅವರು ಗೋಡೆಯ ಹತ್ತಿರ ಬಂದು ಅಪ್ಪನೊಡನೆ ಮಾತಾಡಲಿಲ್ಲ.

ಅವರು ತಾವೀಜು ಬರೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೈಕಾಲು ಮುಖ ತೊಳೆದು, ಪಶ್ಚಿಮಕ್ಕೆ ಮುಖ ಮಾಡಿ, ಆಡಿನ ಚರ್ಮದ ಮೇಲೆ ಕೂಡುತ್ತಿದ್ದರು. ಗುಲಾಬಿ ನೀರಿನಲ್ಲಿ ಕೇಸರಿ ತೇದು, ಬಿದಿರ ಲೇಖನಿಯಿಂದ ಕುರಾನಿನ ಸಾಲು ಬರೆದು, ಕಾಗದ ಮಡಚಿ, ಜೇನುಮೇಣದಲ್ಲಿ ಅದ್ದಿ, ಕರಿ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ದಾರ ಅವರ ಹೆಂಡತಿ ಖಾತೂನಬಿಯದು. ಬೈಲಹೊಂಗಲದ ಅರಳೆ ತಂದು, ಆಕೆಯೇ ನೂತು, ಹುರಿ ಮಾಡಿ, ಮೇಣ ತಿಕ್ಕಿದ ದಾರ. ಎತ್ತು ಎಳೆದರೂ ಹರಿಯದು. ಕಟ್ಟುವಾಗ ಮಕ್ತುಮಸಾಬರು ಒಂದು ಸಣ್ಣ ಅಧ್ಯಾಯ ಬಾಯಲ್ಲಿ ಹೇಳಿಕೊಳ್ಳುತ್ತ ಗಂಟು ಹಾಕುತ್ತಿದ್ದರು. ಪ್ರತಿ ಗಂಟಿನ ಮೇಲೂ ಮೆಲ್ಲಗೆ ಉಫ್ ಎಂದು ಊದುತ್ತಿದ್ದರು. ಅವರಿಗೆ ಅರಬಿ ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು, ಅರ್ಥ ಮಾತ್ರ ಗೊತ್ತಿರಲಿಲ್ಲ. ನಮ್ಮಪ್ಪನ ಮಂತ್ರಗಳ ಕಥೆಯೂ ಹೆಚ್ಚುಕಡಿಮೆ ಅಷ್ಟೇ, ಆ ಮಾತು ಬೇರೆ.

ತಾವೀಜಿಗೆ ಒಂದು ಕಟ್ಟಳೆ ಇತ್ತು. ಕಟ್ಟಿದ ಕೈಯೇ ಬಿಚ್ಚಬೇಕು. ಮಕ್ಕಳ ತೋಳು ಬೆಳೆಯುತ್ತದಲ್ಲ, ಅದಕ್ಕೆ ಮೊಹರಮ್ಮಿನ ಪಂಜಾಗಳು ಹೊಳೆಗೆ ಹೋದ ಮರುದಿನ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಅವರ ಅಂಗಳಕ್ಕೆ ಬರುತ್ತಿದ್ದರು. ಅವರು ಹಳೆಯ ಗಂಟು ಬಿಚ್ಚಿ ಸಡಿಲಾಗಿ ಮತ್ತೆ ಕಟ್ಟುತ್ತಿದ್ದರು. ಜೀರ್ಣವಾದ ತಾವೀಜುಗಳನ್ನು ಒಟ್ಟುಮಾಡಿ ಮಲಪ್ರಭೆಯಲ್ಲಿ ತಂಪು ಮಾಡಿ ಬರುತ್ತಿದ್ದರು. ದೇವರ ಅಕ್ಷರ ಕಾಲಿಗೆ ಸಿಗಬಾರದು ಎಂದು.

ಈಗ ಸೀತವ್ವನ ಮಾತು ಹೇಳಬೇಕು. ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಸೀತವ್ವ ಊರ ಹೊರಗಿನ ಕೇರಿಯವಳು. ಗಂಡ ಲಗಮಪ್ಪ ಗೌಡರ ಹೊಲದಲ್ಲಿ ದುಡಿಯುತ್ತಿದ್ದ. ಮೂರು ಹೆತ್ತು ಮೂರನ್ನೂ ಮಣ್ಣಿಗಿಟ್ಟವಳು ಅವಳು. ಆ ಮೂರಕ್ಕೂ ಅವಳು ಮೊದಲು ಬಂದದ್ದು ನಮ್ಮ ಮನೆಗೆ. ಅಪ್ಪ ರಕ್ಷೆಯ ದಾರ ಮಂತ್ರಿಸಿ ಕಟ್ಟೆಯ ಮೇಲಿಂದ ಅವಳ ಸೆರಗಿಗೆ ಎಸೆಯುತ್ತಿದ್ದರು. "ಮನಿಗೆ ಹೋಗಿ ನೀನ ಕಟ್ಟು" ಎನ್ನುತ್ತಿದ್ದರು. ಅವಳು ಹೋಗಿ ತನ್ನ ಕೈಯಿಂದಲೇ ಕಟ್ಟುತ್ತಿದ್ದಳು. ನನ್ನ ಅಪ್ಪ ಕೆಟ್ಟವರಲ್ಲ, ಇನ್ನೊಬ್ಬರ ಹಸಿವು ಕಂಡರೆ ತಮ್ಮ ತಾಟು ಎತ್ತಿ ಕೊಡುವವರು. ಆದರೆ ಕೊಡುವುದನ್ನೂ ಎಸೆದೇ ಕೊಡುತ್ತಿದ್ದರು. ಮಡಿ ಅವರ ಕೈಯನ್ನು ಅಷ್ಟು ಮೇಲೆಯೇ ಹಿಡಿದಿಟ್ಟಿತ್ತು.

ಸ್ವಾತಂತ್ರ್ಯ ಬಂದ ವರ್ಷ ಸೀತವ್ವನಿಗೆ ಇನ್ನೊಂದು ಹೆಣ್ಣು ಹುಟ್ಟಿತು. ಈ ಸಲ ಅವಳು ನಮ್ಮ ಕಟ್ಟೆ ದಾಟಿ ಮುಲ್ಲಾನವರ ಬಾಗಿಲಿಗೆ ಹೋದಳು. ಮಕ್ತುಮಸಾಬರು ಕೂಸನ್ನು ಇಸಿದುಕೊಂಡು ತಮ್ಮ ತೊಡೆಯ ಮೇಲೆ ಮಲಗಿಸಿದರು. ಕೂಸು ಅವರ ಗಡ್ಡ ಹಿಡಿದು ಎಳೆಯಿತು. ಅವರು ಗಡ್ಡ ಬಿಡಿಸಿಕೊಳ್ಳದೆ ಹಾಗೆಯೇ ತಲೆ ವಾಲಿಸಿಕೊಂಡು ಅದರ ಎಳೆ ತೋಳಿಗೆ ತಾವೀಜು ಕಟ್ಟಿದರು. "ಯಾರೂ ಬಿಚ್ಚಬ್ಯಾಡ್ರಿ, ಬರೂ ಮೊಹರಮ್ಮಿಗೆ ನಾನ ಸಡ್ಲ ಮಾಡತೇನಿ" ಎಂದರು. ಹಿತ್ತಲ ಗೋಡೆಯ ಮೇಲಿಂದ ನಾನು ನೋಡುತ್ತಿದ್ದೆ. ಸೀತವ್ವ ತಾವೀಜನ್ನು ನೋಡುತ್ತಿರಲಿಲ್ಲ, ಆ ಕೈಯನ್ನು ನೋಡುತ್ತಿದ್ದಳು. ಕೂಸಿಗೆ ಹುಸೇನವ್ವ ಎಂದು ಹೆಸರಿಟ್ಟರು. ಕೂಸು ಬದುಕಿತು.

ಬದುಕಿದ್ದು ತಾವೀಜಿನಿಂದಲೋ, ಹಣೆಬರಹದಿಂದಲೋ ನನಗೆ ಗೊತ್ತಿಲ್ಲ. ಸೀತವ್ವನಿಗೆ ಗೊತ್ತಿತ್ತು.

ಐವತ್ತೊಂದರ ಸುಮಾರಿಗೆ ಮಸೀದಿಗೆ ಒಬ್ಬ ತರುಣ ಮೌಲವಿ ಬಂದರು. ಕಥೆಯಲ್ಲಿ ಮೌಲವಿ ಬಂದರೆ ಕೆಟ್ಟವರೇ ಇರಬೇಕು ಎಂದು ಕಾಯುವವರು ಕಾಯಲಿ, ಇವರು ಒಳ್ಳೆಯವರು. ಮೆತ್ತಗಿನ ದನಿ, ಮಕ್ಕಳಿಗೆ ಹೊಡೆಯದೆ ಓದಿಸುವ ಗುಣ. ದೂರದ ಮದರಸಾದಲ್ಲಿ ಓದಿ ಅರಬಿಯ ಅರ್ಥ ತಿಳಿದವರು. ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಮಕ್ತುಮಸಾಬರು ಮಸೀದಿಯ ಕಟ್ಟೆಯಲ್ಲಿ ಕುಳಿತು ಯಾರಿಗೋ ದಾರ ಕಟ್ಟುತ್ತಿದ್ದರು. ಮೌಲವಿ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಚಾಚಾ, ನೀವು ಹೇಳುತ್ತಿರುವುದರ ಅರ್ಥ ಗೊತ್ತೇ?"

"ಇಲ್ಲ. ಅಪ್ಪ ಕಲಿಸಿದ್ದು."

ಮೌಲವಿ ಒಂದೊಂದೇ ಮಾತು ಬಿಡಿಸಿ ಹೇಳಿದರು. ಅದು ಬೆಳಗಿನ ಒಡೆಯನಲ್ಲಿ ಆಸರೆ ಬೇಡುವ ಪ್ರಾರ್ಥನೆ. ಕವಿಯುವ ಕತ್ತಲೆಯ ಕೇಡಿನಿಂದ ಕಾಪಾಡು, ಹೊಟ್ಟೆಕಿಚ್ಚಿನವರ ಕೇಡಿನಿಂದ ಕಾಪಾಡು ಎಂದು ಬೇಡುವುದು. ಅವೆರಡರ ನಡುವೆ ಇನ್ನೊಂದು ಕೇಡು ಇತ್ತು: ಗಂಟುಗಳ ಮೇಲೆ ಊದುವವರ ಕೇಡು.

ಮಕ್ತುಮಸಾಬರ ಕೈ ಗಂಟಿನ ಮೇಲೆಯೇ ಇತ್ತು. ಊದಲು ಮುಂದೆ ಮಾಡಿದ ತುಟಿ ಹಾಗೆಯೇ ಇತ್ತು.

ಈ ಮಾತೆಲ್ಲ ಅವರೇ ಆ ಸಂಜೆ ಗೋಡೆಯ ಹತ್ತಿರ ನಿಂತು ನನಗೂ ಅಪ್ಪನಿಗೂ ಹೇಳಿದ್ದು. "ಭಟ್ಟರ, ನನ್ನ ಅಜ್ಜ ಊದಿದ, ನನ್ನ ಅಪ್ಪ ಊದಿದ, ನಾ ಊದಿದೆ. ಊದವರಿಂದ ಕಾಪಾಡಪ್ಪಾ ಅಂತ ಹೇಳಕೋತ ಊದೇವ್ರಿ" ಎಂದರು. ಬೇರೆ ಯಾರಾದರೂ ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವರ ಮುಖ ನೋಡಿದ ಮೇಲೆ ನಗು ಬರಲಿಲ್ಲ.

ಮೌಲವಿ ಅವರನ್ನು ಹೆದರಿಸಿರಲಿಲ್ಲ. ದೇವರ ಮಾತು ಬರೆದು ಕಟ್ಟುವುದನ್ನು ಒಪ್ಪುವ ದೊಡ್ಡ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ, ನಾನು ಒಪ್ಪದವರ ಕಡೆ ಎಂದಿದ್ದರು. ದಾರ ಕಾಯುತ್ತದೆ ಎಂದು ನಂಬಿದರೆ ದೇವರಿಗೆ ಸಲ್ಲುವುದನ್ನು ದಾರಕ್ಕೆ ಕೊಟ್ಟಂತಾಯಿತು, ಅದಕ್ಕಿಂತ ದೊಡ್ಡ ತಪ್ಪು ನಮ್ಮಲ್ಲಿಲ್ಲ ಎಂದಿದ್ದರು. ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಉಂಟು ಎಂದೂ ಹೇಳಿದ್ದರು. ಆದರೆ ಮಕ್ತುಮಸಾಬರು ಅರ್ಧ ಕೆಲಸ ಮಾಡುವ ಮನುಷ್ಯರಲ್ಲ. ಮರುದಿನ ಲೇಖನಿ, ಕೇಸರಿ ಬಟ್ಟಲು, ಉಳಿದ ಮೇಣ, ದಾರದ ಉಂಡೆ ಎಲ್ಲವನ್ನೂ ಗಂಟು ಕಟ್ಟಿ ಮಲಪ್ರಭೆಯಲ್ಲಿ ಬಿಟ್ಟು ಬಂದರು. ಇನ್ನು ಬರೆಯುವುದಿಲ್ಲ, ಕಟ್ಟುವುದಿಲ್ಲ, ಅಂಥ ಗಂಟನ್ನು ಬೆರಳಿಂದಲೂ ಮುಟ್ಟುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟು ತೋಬಾ ಮಾಡಿದರು.

"ಇನ್ನ ಮ್ಯಾಲ ನೂತ ದಾರದಿಂದ ನಿಮ್ಮ ಬಾಯಿ ಹೊಲೀತೇನಿ" ಎಂದು ಖಾತೂನಬಿ ಇಡೀ ಓಣಿಗೆ ಕೇಳುವಂತೆ ಅಂದಳು. ಅಪ್ಪನ ಕಟ್ಟೆಗೆ ಜನ ಹೆಚ್ಚಾದರು. ಅವರಿಗೆ ಹಿಗ್ಗಾಗಬೇಕಿತ್ತು, ಆಗಲಿಲ್ಲ. "ಅವ ನಿಲ್ಲಿಸಿದ ಮ್ಯಾಲ ನಾ ಏನಂತ ನಡಸಲಿ ಮಥುರಾ? ನಾನೂ ಅರ್ಥ ಕೇಳಿದವನಲ್ಲ" ಎಂದು ಒಮ್ಮೆ ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ. ಪಂಚಾಂಗವನ್ನೂ ಮುಚ್ಚಲಿಲ್ಲ.

ಆ ವರ್ಷ ಮೊಹರಮ್ಮಿನ ಮರುದಿನ ತಾಯಂದಿರು ಎಂದಿನಂತೆ ಬಂದರು. ಮಕ್ತುಮಸಾಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಎಲ್ಲರಿಗೂ ಒಂದೇ ಮಾತು ಹೇಳಿದರು, "ನೀವ ಬಿಚ್ಚಿ ಹೊಳಿಗೆ ಬಿಡ್ರವ್ವ. ದೇವರು ಕಾಯತಾನ." ಕೆಲವರು ಬೈದುಕೊಂಡು ಹೋದರು. ಕೆಲವರು ಅಲ್ಲಿಯೇ ಬಿಚ್ಚಿದರು. ಸೀತವ್ವ ಮಾತ್ರ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನಿಂತಳು.

"ನನ್ನಿಂದ ಏನರ ತಪ್ಪಾತೇನ್ರಿ?" ಎಂದಳು.

"ನಿಂದೇನೂ ತಪ್ಪಿಲ್ಲವ್ವ. ನಂದೈತಿ. ನೀನ ಬಿಚ್ಚು."

ಅವಳು ತಲೆಯಾಡಿಸಿ ಹೋದಳು. ಬಿಚ್ಚಿದಳು ಎಂದು ಅವರು ತಿಳಿದರು. ನಾವೆಲ್ಲರೂ ಹಾಗೇ ತಿಳಿದೆವು. ಅವಳು ಬಿಚ್ಚಲಿಲ್ಲ. ಮನೆಗೆ ಹೋಗಿ ಮಗಳಿಗೆ ಮೊಳಕೈವರೆಗಿನ ತೋಳಿನ ಅಂಗಿ ಹೊಲಿಸಿ ಹಾಕಿದಳು. ಮುಂದಿನ ಮೊಹರಮ್ಮಿಗೆ ಮುಲ್ಲಾಸಾಬರ ಸಿಟ್ಟು ಇಳಿಯುತ್ತದೆ ಎಂದು ಕಾದಳು. ಮುಂದಿನ ಮೊಹರಮ್ಮೂ ಹೋಯಿತು. ದಾರ ಇದ್ದಷ್ಟೇ ಇತ್ತು, ತೋಳು ಬೆಳೆಯಿತು.

ಒಂದು ದಿನ ಮಧ್ಯಾಹ್ನ ಶಾಲೆ ಬಿಟ್ಟು ಬರುವಾಗ ಲಗಮಪ್ಪ ಮಸೀದಿಯ ಮೆಟ್ಟಿಲ ಕೆಳಗೆ ನಿಂತದ್ದು ಕಂಡೆ. ಕೈಯಲ್ಲಿ ರುಮಾಲು ಮುದುಡಿಕೊಂಡಿದ್ದ. ಮಕ್ತುಮಸಾಬರು ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದರು.

"ಹುಡಿಗಿಗೆ ಜ್ವರ ಬಂದೈತ್ರಿ. ತೋಳು ಬಾತು ಕೆಂಪ ಆಗೈತ್ರಿ. ನಿಮ್ಮ ದಾರ ಮಾಂಸದಾಗ ಇಳದೈತ್ರಿ" ಎಂದ ಲಗಮಪ್ಪ. "ಬೈಲಹೊಂಗಲ ದವಾಖಾನಿಗೆ ಒಯ್ದಿದ್ವಿರಿ. ಡಾಕ್ಟರು ಕತ್ತರಿ ತಂದ್ರು. ಆಕಿ ಕೂಸನ್ನ ಎತಗೊಂಡು ಓಡಿ ಬಂದ್ಳರಿ. ಕತ್ತರಸದಿದ್ರ ತೋಳ ಹೋಗತೈತಿ, ಜೀವಾನೂ ಹೋಗತೈತಿ ಅಂತ ಡಾಕ್ಟರು ಹೇಳ್ಯಾರ. ಆಕಿ ಯಾರಿಗೂ ಮುಟ್ಟಗೊಡವಲ್ಲಳು. ಕಟ್ಟಿದವರ ಬಿಚ್ಚಬೇಕಂತಾಳ್ರಿ."

ಕಸಬರಿಗೆ ಅಲ್ಲಿಯೇ ಬಿತ್ತು. ಮಕ್ತುಮಸಾಬರು ಬರಿಗಾಲಲ್ಲಿ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ನಾನೂ ಹಿಂದೆ ಹೋದೆ. ನಮ್ಮ ಕಟ್ಟೆಯ ಮೇಲಿಂದ ಅಪ್ಪ, "ಮಥುರಾ, ಎಲ್ಲಿಗೆ?" ಎಂದರು. "ಕೇರಿಗೆ" ಎಂದೆ. ಅಪ್ಪ ತಡೆಯಲಿಲ್ಲ.

ಗುಡಿಸಲಿನಲ್ಲಿ ಹುಸೇನವ್ವ ಕಣ್ಣು ಅರ್ಧ ಮುಚ್ಚಿ ಮಲಗಿದ್ದಳು. ತೋಳಿನ ಮೇಲೆ ತಾವೀಜು ಕಾಣುತ್ತಿತ್ತು, ದಾರ ಕಾಣುತ್ತಿರಲಿಲ್ಲ. ಅದು ಇದ್ದ ಜಾಗದಲ್ಲಿ ಬಳೆಯ ಹಾಗೆ ಒಂದು ತಗ್ಗು, ಅದರ ಎರಡೂ ಕಡೆ ಉಬ್ಬಿದ ಮಾಂಸ. ಸೀತವ್ವ ಮಗಳ ಮೇಲೆ ಬಾಗಿ ಕುಳಿತಿದ್ದಳು.

"ಯವ್ವಾ, ನೀನ ಬಿಚ್ಚು ಅಂತ ಹೇಳಿದ್ನಲ್ಲವ್ವ!" ಎಂದರು ಮಕ್ತುಮಸಾಬರು.

ಸೀತವ್ವ ತಲೆ ಎತ್ತಿದಳು. "ಮೂರೂ ಕೂಸಿಗೆ ಭಟ್ಟರ ದಾರ ಕಟ್ಟಿದ್ದು ನನ್ನ ಕೈರಿ. ಮೂರೂ ಹೋದ್ವು. ಇದಕ್ಕ ನಿಮ್ಮ ಕೈ ಮುಟ್ಟಿತು, ಇದು ಉಳೀತು. ಮತ್ತ ನನ್ನ ಕೈಲೆ ಬಿಚ್ಚು ಅಂತೀರಲ್ಲ? ನನ್ನ ಕೈಯಾಗ ಸಾವು ಐತ್ರಿ. ನಾ ಹೆಂಗ ಬಿಚ್ಚಲಿ?"

ಅಪ್ಪ ಕಟ್ಟೆಯ ಮೇಲಿಂದ ಎಸೆದ ದಾರ ಎಲ್ಲಿಗೆ ಬಂದು ಬಿದ್ದಿತ್ತು ನೋಡಿ. ಜ್ವರ ಕೊಂದ ಮಕ್ಕಳನ್ನು ತನ್ನ ಕೈಯೇ ಕೊಂದಿತು ಎಂದು ಆ ತಾಯಿ ಇಷ್ಟು ವರ್ಷ ನಂಬಿಕೊಂಡಿದ್ದಳು. ನಾವು ಯಾರೂ ಕೇಳಿರಲಿಲ್ಲ.

ಮಕ್ತುಮಸಾಬರು ನೆಲದ ಮೇಲೆ ಕುಳಿತುಬಿಟ್ಟರು. "ಬಿಚ್ಚತೇನವ್ವ. ನಾನ ಬಿಚ್ಚತೇನಿ" ಎಂದರು.

"ಮೊದಲ ಆ ತೋಳಿಗೆ ಇನ್ನೊಂದ ಕಟ್ರಿ. ಆಮ್ಯಾಲ ಇದನ್ನ ಬಿಚ್ರಿ. ಬರೇ ತೋಳು ಬಿಡಬ್ಯಾಡ್ರಿ, ಕಾಲ ಬೀಳತೇನಿ."

ಇದೇ ಅವರಿಗೆ ಬಂದ ಕಷ್ಟ. ಕಟ್ಟಿದರೆ ದೇವರಿಗೆ ಕೊಟ್ಟ ಮಾತು ಮುರಿಯುತ್ತದೆ. ಕಟ್ಟದಿದ್ದರೆ ಈಕೆ ಮಗಳನ್ನು ಬಿಡುವುದಿಲ್ಲ, ಮಗಳು ಉಳಿಯುವುದಿಲ್ಲ. ಸುಳ್ಳಿಗೆ ಒಂದು ಬಟ್ಟೆಯ ಚೂರು ಕಟ್ಟಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಲಗಮಪ್ಪನೂ ಅದನ್ನೇ ಕಣ್ಣಲ್ಲಿ ಬೇಡುತ್ತಿದ್ದ. ಅವರು ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. ಹುಡುಗಿ ನರಳಿದಳು.

"ಸೀತವ್ವಾ" ಎಂದರು ಕೊನೆಗೆ, "ನಿನಗ ಬೇಕಾಗಿದ್ದು ದಾರೇನು, ಈ ಕೈಯೇನು?"

ಅವಳ ಕಣ್ಣು ಅವರ ಕೈಗೆ ಹೋಯಿತು.

"ದಾರ ಕಟ್ಟಿ ನಾ ಮನ್ಯಾಗ ಕುಂತೆ. ದಾರ ಕಾಯತೈತಿ ಅಂತ ನೀನೂ ಕುಂತಿ, ನಾನೂ ಕುಂತೆ. ಇನ್ನ ದಾರ ಬ್ಯಾಡ. ನಾನ ಬರತೇನಿ. ದಿನಾ ಸಂಜಿಕೆ ಬಂದು ಈಕಿ ತಲಿ ಮ್ಯಾಲ ಕೈ ಇಟ್ಟು, ಓದಿ, ದೇವರನ್ನ ಕೇಳಿ ಹೋಗತೇನಿ. ಈ ಕೈ ಇಲ್ಲೇ ಇರತೈತಿ."

"ನೀವು ಬರದಿದ್ದ ದಿನ?"

"ನಾ ಬರದ ದಿನ ಸತ್ತೇನಿ ಅಂತ ತಿಳಿ."

ಸೀತವ್ವ ಅವರ ಮುಖವನ್ನೇ ನೋಡಿದಳು. ನಂತರ ಮಗಳ ಮೇಲಿಂದ ಮೆಲ್ಲಗೆ ಎದ್ದಳು.

ಊರ ರೈತ ನಿಜಗುಣಪ್ಪನ ಚಕ್ಕಡಿ ಹೂಡಿಸಿಕೊಂಡು ಬೈಲಹೊಂಗಲಕ್ಕೆ ಹೋದೆವು. ದವಾಖಾನೆಯಲ್ಲಿ ಮಕ್ತುಮಸಾಬರು ತಾವೀಜನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಮುಟ್ಟುವುದಿಲ್ಲ ಎಂದ ಗಂಟನ್ನೇ ಹಿಡಿದರು. ಡಾಕ್ಟರು ಅದರ ಕೆಳಗೆ ಕತ್ತರಿ ತೂರಿಸಿದರು. ಬಿಚ್ಚಿದ್ದು ಯಾರು ಎಂದು ಕೇಳಿದರೆ ಸೀತವ್ವ ಇವತ್ತಿಗೂ ಮುಲ್ಲಾಸಾಬರು ಎನ್ನುತ್ತಾಳೆ. ಡಾಕ್ಟರು ಎಂದು ನಾನು ತಿದ್ದಲು ಹೋಗುವುದಿಲ್ಲ. ಹುಡುಗಿ ಚೀರಿದಾಗ ಮಕ್ತುಮಸಾಬರ ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಬಾಯಲ್ಲಿ ಅದೇ ಅಧ್ಯಾಯ ನಡೆದಿತ್ತು, ಈ ಸಲ ಅರ್ಥ ಗೊತ್ತಿದ್ದು.

ಊರಿಗೆ ಬಂದವರೇ ಮೌಲವಿಯ ಹತ್ತಿರ ಹೋದರು. ಕೇಳದೆ ಮಾತು ಕೊಟ್ಟು ಬಂದೆ, ಇದೂ ತಪ್ಪೋ ಎಂಬ ಹೆದರಿಕೆ ಅವರಿಗೆ. ಮೌಲವಿ ಹೇಳಿದರಂತೆ, "ಇದು ತಪ್ಪಲ್ಲ ಚಾಚಾ. ಬೇನೆ ಬಂದಾಗ ಈ ಅಧ್ಯಾಯಗಳನ್ನು ಓದಿ ಊದಿಕೊಳ್ಳುವುದು ಪ್ರವಾದಿಗಳೇ ಮಾಡಿದ್ದು. ಅವರ ಕೊನೆಯ ಬೇನೆಯಲ್ಲಿ ಅವರಿಗೆ ತ್ರಾಣ ಇರಲಿಲ್ಲ. ಆಗ ಹೆಂಡತಿ ಆಯಿಶಾ ತಾವೇ ಓದಿ, ಅವರದೇ ಕೈಯನ್ನು ಎತ್ತಿ ಅವರ ಮೈಮೇಲೆ ಸವರಿದರು. ಆ ಕೈಗೆ ದೇವರಿತ್ತ ಬರಕತ್ತು ದೊಡ್ಡದು ಎಂದು. ನಾನು ನಿಮಗೆ ಗಂಟಿನ ಮಾತು ಹೇಳಿದೆ. ಕೈಯ ಮಾತನ್ನೂ ಅಂದೇ ಹೇಳಬೇಕಾಗಿತ್ತು."

ಹುಸೇನವ್ವನ ತೋಳು ಉಳಿಯಿತು. ಸುತ್ತ ಬಳೆಯಂಥ ಕಲೆಯೂ ಉಳಿಯಿತು. ಮಕ್ತುಮಸಾಬರು ಅಂದಿನಿಂದ ದಿನಾ ಇಳಿಹೊತ್ತಿನ ನಮಾಜು ಮುಗಿಸಿ ಕೇರಿಗೆ ನಡೆದರು. ಒಂದು ದಿನ, ಎರಡು ದಿನ ನಡೆದೀತು, ಆಮೇಲೆ ಎಲ್ಲರ ವ್ರತದ ಹಾಗೆ ಇದೂ ಸಡಿಲಾದೀತು ಎಂದುಕೊಂಡಿದ್ದೆ. ಸಡಿಲಾಗಲಿಲ್ಲ. ಎರೆಮಣ್ಣು ಮಳೆಗೆ ಕಾಲು ಹಿಡಿದು ಎಳೆಯುವಾಗ ಮೆಟ್ಟು ಕೈಯಲ್ಲಿ ಹಿಡಿದು ಹೋದರು. ಈದ್ ಹಬ್ಬದ ದಿನ ಅತ್ತರು ಹಚ್ಚಿಕೊಂಡು ಹೋದರು. ತಮ್ಮ ತಂಗಿ ಸವದತ್ತಿಯಲ್ಲಿ ತೀರಿಕೊಂಡಾಗ ಮಣ್ಣು ಮುಗಿಸಿ, ಸಿಕ್ಕ ಗಾಡಿ ಹತ್ತಿ ಸಂಜೆಗೆ ತಿರುಗಿ ಬಂದರು. ಕೇರಿಯ ಬೇರೆ ಮಕ್ಕಳೂ ಸಾಲಾಗಿ ತಲೆ ಒಡ್ಡತೊಡಗಿದರು. ಎಲ್ಲರ ತಲೆಯ ಮೇಲೂ ಕೈ ಇಟ್ಟರು. ಓದಿದ ಮೇಲೆ ಅರ್ಥವನ್ನು ಕನ್ನಡದಲ್ಲಿ ಹೇಳುವುದು ಅವರ ಹೊಸ ಪದ್ಧತಿ. "ಬೆಳಗ ಮಾಡಾಂವ ಅದಾನ, ಕತ್ತಲಿಗೆ ಅಂಜಬ್ಯಾಡ್ರಿ" ಎನ್ನುತ್ತಿದ್ದರು.

ನಾನು ಒಮ್ಮೆ ಚುಚ್ಚಿದೆ. "ಕಾಕಾ, ದಾರದ ತಾವೀಜು ಬಿಟ್ಟು ನೀವ ತಾವೀಜು ಆದ್ರಿ. ಏನು ಹೆಚ್ಚುಕಡಿಮಿ ಆತು?"

ಅವರು ಯೋಚನೆ ಮಾಡಿದರು. ನನ್ನ ಕುಹಕಕ್ಕೂ ಯೋಚಿಸಿ ಉತ್ತರ ಕೊಡುವ ಮನುಷ್ಯ. "ದಾರದ ಭಾರ ಕಟ್ಟಿಕೊಂಡವರಿಗೆ ಇತ್ತವ್ವ. ಇದರ ಭಾರ ಕಟ್ಟಿದವಗ ಐತಿ. ಅಷ್ಟ ಹೆಚ್ಚುಕಡಿಮಿ" ಎಂದರು.

ಹುಸೇನವ್ವ ನನ್ನ ಶಾಲೆಗೆ ಬರತೊಡಗಿದಳು. ನಾನೇ ಹೋಗಿ ಕರೆತಂದೆ, ಹಿಂದಿನ ಸಾಲಿನಲ್ಲಲ್ಲ, ಮುಂದೆ ಕೂಡಿಸಿದೆ. ಊರು ಎರಡು ದಿನ ಗದ್ದಲ ಮಾಡಿತು. ನನ್ನ ಬಾಯಿ ಜೋರೆಂದು ಹೇಳಿದೆನಲ್ಲ, ಅದು ಉಪಯೋಗಕ್ಕೆ ಬಂತು. ಅಪ್ಪ ಆ ಗದ್ದಲದಲ್ಲಿ ಒಂದು ಮಾತೂ ಆಡಲಿಲ್ಲ. ಆದರೆ ಸೀತವ್ವನ ಮಾತನ್ನು ನಾನು ಅವರಿಗೆ ಹೇಳಿದ ಮೇಲೆ ಅವರು ಯಾರ ಸೆರಗಿಗೂ ದಾರ ಎಸೆಯಲಿಲ್ಲ.

ಐವತ್ತೆಂಟರ ಮಳೆಗಾಲದಲ್ಲಿ ಮಕ್ತುಮಸಾಬರು ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿ ಉಸಿರು ಸಾಲುತ್ತಿರಲಿಲ್ಲ. ಎರಡು ದಿನ ಹಾಗೆಯೇ ಗೋಡೆ ಹಿಡಿದು ಕೇರಿಗೆ ಹೋಗಿ ಬಂದರು. ಮೂರನೆಯ ಸಂಜೆ ಎದ್ದು ನಿಂತವರು ಅಲ್ಲಿಯೇ ಕುಸಿದರು. ಖಾತೂನಬಿ ಅತ್ತು ಗೋಡೆ ಬಡಿದಳು. ನಾನು ಹೋದೆ, ಅಪ್ಪನೂ ಬಂದರು, ಮೌಲವಿಯೂ ಬಂದರು. ಮಕ್ತುಮಸಾಬರಿಗೆ ಮಾತಿಗೆ ಉಸಿರಿಲ್ಲ, ಕಣ್ಣು ಮಾತ್ರ ಬಾಗಿಲ ಕಡೆ. "ಹೊತ್ತಾತು, ಹೊತ್ತಾತು" ಎಂಬ ತುಟಿಯ ಚಲನೆ. ಎರಡು ಸಲ ಕಾಲು ಕೆಳಗೆ ಇಳಿಸಲು ನೋಡಿದರು.

ಹೊರಗೆ ಹೆಂಗಸಿನ ಅಳು ಕೇಳಿತು. ಕೇರಿಯಿಂದ ಓಡಿ ಬಂದಿದ್ದರು. ಮುಂದೆ ಸೀತವ್ವ, ಹಿಂದೆ ಹುಸೇನವ್ವ, ಅವರ ಹಿಂದೆ ಲಗಮಪ್ಪ. ತಾವು ಬರದ ದಿನ ಸತ್ತೆನೆಂದು ತಿಳಿ ಎಂದು ಮಕ್ತುಮಸಾಬರೇ ಹೇಳಿದ್ದರಲ್ಲ, ಸೀತವ್ವ ಹಾಗೆಯೇ ತಿಳಿದು ಹಾಡಿಕೊಂಡು ಅಳುತ್ತ ಬಂದಿದ್ದಳು. ಒಳಗೆ ಬಂದು ಕಣ್ಣು ತೆರೆದು ಮಲಗಿದ್ದವರನ್ನು ನೋಡಿದವಳೇ ಅಳು ನಿಲ್ಲಿಸಿದಳು. ಅವರಿಗೆ ಆ ಸ್ಥಿತಿಯಲ್ಲೂ ನಗು ಬಂತು. ಹುಡುಗಿಯನ್ನು ಹತ್ತಿರ ಬಾ ಎಂದು ಕಣ್ಣಿಂದ ಕರೆದರು. ಅವಳು ಬಂದು ಹಾಸಿಗೆಯ ಪಕ್ಕ ತಲೆ ಒಡ್ಡಿ ಕುಳಿತಳು. ಕೈ ಎತ್ತಲು ನೋಡಿದರು. ಏಳಲಿಲ್ಲ. ಓದಲು ಬಾಯಿ ತೆರೆದರು. ಉಸಿರು ಬರಲಿಲ್ಲ. ಅವರ ಮುಖದ ಮೇಲೆ ಬಂದ ನಾಚಿಕೆ, ಕೊಟ್ಟ ಮಾತು ತಪ್ಪಿದವನ ಆ ನಾಚಿಕೆ, ನನಗೆ ನೋಡಲಾಗಲಿಲ್ಲ.

ಆಗ ಹುಸೇನವ್ವ ತಲೆ ಎತ್ತಿದಳು. ಅವರ ಬಾಯಲ್ಲಿ ನಿಂತದ್ದನ್ನು ತಾನು ಹಿಡಿದಳು. ಆರು ವರ್ಷ ದಿನಾ ಸಂಜೆ ಕೇಳಿದ ಅಧ್ಯಾಯ. ಒಂದು ಅಕ್ಷರ ತಪ್ಪಲಿಲ್ಲ. ಓದಿ ಮುಗಿಸಿ ಅವರ ಎದೆಯ ಮೇಲೆ ಮೆಲ್ಲಗೆ ಊದಿದಳು. ತನ್ನ ಕೈ ಮುಂದೆ ಮಾಡಿ ಸ್ವಲ್ಪ ಅನುಮಾನಿಸಿದಳು. ಆಮೇಲೆ ಅದನ್ನು ಹಿಂದೆ ತೆಗೆದುಕೊಂಡು ಅವರದೇ ಬಲಗೈಯನ್ನು ಎರಡೂ ಕೈಯಿಂದ ಎತ್ತಿ, ಅವರ ಹಣೆಯ ಮೇಲೆ, ಗಡ್ಡದ ಮೇಲೆ, ಎದೆಯ ಮೇಲೆ ಸವರಿದಳು. ಅವಳಿಗೆ ಗೊತ್ತಿದ್ದದ್ದು ಒಂದೇ, ಗುಣ ಇರುವುದು ಆ ಕೈಯಲ್ಲಿ ಎಂದು.

ಬಾಗಿಲಲ್ಲಿ ನಿಂತ ಮೌಲವಿ ಗೋಡೆಗೆ ಮುಖ ತಿರುಗಿಸಿದರು. ನಾನು ಅತ್ತೆ, ಮುಚ್ಚಿಕೊಳ್ಳಲಿಲ್ಲ. ಅಪ್ಪ ಒಂದು ಹೆಜ್ಜೆ ಮುಂದೆ ಬಂದು ಹುಡುಗಿಯ ತಲೆಯ ಮೇಲೆ ತಮ್ಮ ಕೈ ಇಟ್ಟರು.

"ನಾಳಿಗೂ ಬರತೇನ್ರಿ ಅಜ್ಜಾ" ಎಂದಳು ಹುಸೇನವ್ವ.

ಬಂದಳು. ಅವರು ಇರುವ ತನಕ ದಿನಾ ಬಂದಳು.